ತಗಡಿನ ಕಾರು, ಮರದ ಎಲುಬು: ಹೆನ್ರಿ ಫೋರ್ಡ್

ಹೆನ್ರಿ ಫೋರ್ಡ್ ಎಂದೊಡನೆ ನೆನಪಾಗುವುದು ಉಕ್ಕು, ಯಂತ್ರ, ಸಾಲುಗಟ್ಟಿ ಸಾಗುವ ಕಾರುಗಳು. ಅವನ ಮಾಡೆಲ್ ಟಿ ಕಾರನ್ನು ಅಮೆರಿಕದ ಜನ ತಮಾಷೆಗೆ ಟಿನ್ ಲಿಜ್ಜಿ ಎಂದು ಕರೆದರು. ಆದರೆ ಅದರ ತಗಡು ಬಿಚ್ಚಿದರೆ ಒಳಗೆ ಕಾಣುವುದು ಮರದ ಚೌಕಟ್ಟು. ಹಳೆಯ ಮಾಡೆಲ್ ಟಿ ಕೈಗೆ ಬಂದ ಅನೇಕರಿಗೆ ದೊಡ್ಡ ತಲೆನೋವು ಎಂಜಿನ್ ಅಲ್ಲ, ಕೊಳೆತು ಮಾಯವಾದ ಈ ಮರ.

ಫೋರ್ಡ್ ಹುಟ್ಟಿದ್ದು 1863ರ ಜುಲೈ 30ರಂದು, ಮಿಷಿಗನ್ ರಾಜ್ಯದ ಡಿಯರ್‌ಬಾರ್ನ್ ಬಳಿಯ ಹೊಲಮನೆಯಲ್ಲಿ. ತಂದೆ ವಿಲಿಯಂ ಐರ್ಲೆಂಡಿನಿಂದ ಬಂದವನು, ಬಡಗಿ ಕೆಲಸ ಮಾಡಿ ಆಮೇಲೆ ರೈತನಾದವನು. ಹುಡುಗನಿಗೆ ಬೇಸಾಯ ಹಿಡಿಸಲಿಲ್ಲ. ಹದಿಮೂರರ ಹೊತ್ತಿಗೆ ತಾಯಿ ತೀರಿಕೊಂಡಳು. ಹದಿನಾರನೆಯ ವಯಸ್ಸಿಗೆ ಡೆಟ್ರಾಯಿಟ್‌ಗೆ ಹೋಗಿ ಯಂತ್ರದ ಕಾರ್ಖಾನೆ ಸೇರಿದ.

ಮಗ ಊರಲ್ಲೇ ನಿಲ್ಲಲಿ ಎಂದು ತಂದೆ ಎಂಬತ್ತು ಎಕರೆ ಕಾಡು ಕೊಟ್ಟ. ಫೋರ್ಡ್ ಅದರಲ್ಲಿ ಉತ್ತಿ ಬಿತ್ತಲಿಲ್ಲ, ಹಬೆ ಎಂಜಿನ್ ತಂದು ಮರ ಕೊಯ್ಯತೊಡಗಿದ. 1888ರಲ್ಲಿ ಕ್ಲಾರಾಳನ್ನು ಮದುವೆಯಾದ, ತಾನೇ ಕೊಯ್ದ ಮರದಿಂದ ಮನೆ ಕಟ್ಟಿದ. ಮರ ಮುಗಿಯುತ್ತ ಬಂದಾಗ, 1891ರಲ್ಲಿ, ಮತ್ತೆ ಪೇಟೆಗೆ ಹೊರಟ. ಎಡಿಸನ್ ವಿದ್ಯುತ್ ಕಂಪನಿಯ ನೌಕರಿಯ ಜೊತೆಗೆ ಮನೆ ಹಿಂದಿನ ಕೊಟ್ಟಿಗೆಯಲ್ಲಿ ಮೊದಲ ಬಂಡಿ ಕಟ್ಟಿದ್ದು 1896ರಲ್ಲಿ. ಬಂಡಿ ಬಾಗಿಲಲ್ಲಿ ಹಿಡಿಸದೆ ಗೋಡೆಯ ಇಟ್ಟಿಗೆ ಒಡೆಯಬೇಕಾಯಿತು. 1903ರಲ್ಲಿ ಫೋರ್ಡ್ ಮೋಟಾರ್ ಕಂಪನಿ, 1908ರಲ್ಲಿ ಮಾಡೆಲ್ ಟಿ.

ಈ ಕಾರಿನ ಚಾಸಿಸ್ ಉಕ್ಕಿನದೇ. ಮೇಲಿನ ಬಾಡಿ ಮಾತ್ರ ಕುದುರೆ ಗಾಡಿ ಮಾಡುವವರ ಪದ್ಧತಿಯದು: ಗಟ್ಟಿ ಮರದ ಚೌಕಟ್ಟು, ಅದಕ್ಕೆ ಮೊಳೆ ಹೊಡೆದ ತಗಡು. ಚಕ್ರದ ಕಡ್ಡಿಗಳು, ಕಾಲಡಿಯ ಹಲಗೆ, ಇಗ್ನಿಷನ್ ಕಾಯಿಲ್‌ನ ಪೆಟ್ಟಿಗೆ ಕೂಡ ಮರದವು. ಬಾಡಿಗಳನ್ನು ಪಾಂಟಿಯಾಕ್ ಊರಿನ ಬೋಡೆಟ್‌ನಂಥ ಬೇರೆ ಬೇರೆ ಕಾರ್ಖಾನೆಗಳು ಮಾಡಿಕೊಡುತ್ತಿದ್ದವು. ಒಂದರ ಅಳತೆ ಇನ್ನೊಂದಕ್ಕೆ ಕೂದಲೆಳೆಯಷ್ಟೂ ತಪ್ಪದೆ ಹೊಂದಬೇಕೆಂದಿಲ್ಲ. ಎಂಜಿನ್ನಿನ ಬಿಡಿಭಾಗಗಳನ್ನೆಲ್ಲ ಒಂದೇ ಅಚ್ಚಿಗೆ ತಂದವನ ಕಾರಿನಲ್ಲಿ ಇಂಥ ಸಂಗತಿ! ಇಂದು ಮರ ಕೂಡಿಸುವವರನ್ನು ಕಾಡುವುದೂ ಇದೇ.

1913ರಲ್ಲಿ ಚಲಿಸುವ ಜೋಡಣಾ ಸಾಲು, ಮರುವರ್ಷ ದಿನಕ್ಕೆ ಐದು ಡಾಲರ್ ಕೂಲಿ ಬಂದವು. ಬೇಡಿಕೆ ಏರಿದಂತೆ ಮರವೂ ಬೇಕಾಯಿತು. 1920ರಲ್ಲಿ ಫೋರ್ಡ್ ಮಿಷಿಗನ್ನಿನ ಉತ್ತರ ಭಾಗದಲ್ಲಿ ಮೂರು ಲಕ್ಷ ಎಕರೆಗೂ ಮಿಕ್ಕಿದ ಕಾಡು ಕೊಂಡ. ಐರನ್ ಮೌಂಟನ್ ಊರಿನ ಬಳಿ ಮರದ ಮಿಲ್ಲು ಎದ್ದಿತು. ಕೊಯ್ದು ಉಳಿದ ಚೂರುಗಳನ್ನೂ ಅವನು ಬಿಡಲಿಲ್ಲ. ಅವನ್ನು ಇದ್ದಿಲು ಮಾಡಿ, ಉಂಡೆ ಕಟ್ಟಿ, ಕಾರು ಮಾರುವ ಅಂಗಡಿಗಳಲ್ಲೇ ಮಾರಿಸಿದ.

ಅಷ್ಟರಲ್ಲಿ ಕಾಲ ತಿರುಗಿತ್ತು. ಹಿಂದೆ ಅವನಿಗೆ ಬಿಡಿಭಾಗ ಪೂರೈಸುತ್ತಿದ್ದ ಡಾಡ್ಜ್ ಸಹೋದರರು ಪೂರ್ತಿ ಉಕ್ಕಿನ ಬಾಡಿಯ ಕಾರು ತಂದಿದ್ದರು. ಉಕ್ಕಿನ ಬಾಡಿಯನ್ನು ಒಲೆಯಲ್ಲಿಟ್ಟು ಬಣ್ಣ ಒಣಗಿಸಬಹುದು, ಮರವಿದ್ದರೆ ಅಷ್ಟು ಬಿಸಿ ಕೊಡಲಾಗದು. ಫೋರ್ಡ್ ಕೂಡ ಕೊನೆಗೆ ಮರ ಕಡಿಮೆ ಮಾಡಿದ. 1927ರಲ್ಲಿ ನಿಲ್ಲುವ ಹೊತ್ತಿಗೆ ಒಂದೂವರೆ ಕೋಟಿ ಮಾಡೆಲ್ ಟಿ ಹೊರಬಂದಿದ್ದವು. ಐರನ್ ಮೌಂಟನ್ನಿನ ಮರ ಆಮೇಲೆ ಸ್ಟೇಷನ್ ವ್ಯಾಗನ್‌ಗಳಿಗೆ ಹೋಯಿತು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಸೈನ್ಯಕ್ಕಾಗಿ ನಾಲ್ಕು ಸಾವಿರಕ್ಕೂ ಹೆಚ್ಚು ಗ್ಲೈಡರ್‌ಗಳು ತಯಾರಾದವು.

ಇಷ್ಟೆಲ್ಲ ಮಾಡಿದವನ ಕೈ ಪೂರ್ತಿ ಸ್ವಚ್ಛವಲ್ಲ. 1920ರ ದಶಕದಲ್ಲಿ ಅವನ ಪತ್ರಿಕೆ ಯಹೂದಿಗಳ ಮೇಲೆ ವಿಷ ಕಾರಿತು, ಕಾರ್ಮಿಕ ಸಂಘದವರಿಗೆ ಅವನ ಕಾವಲುಗಾರರ ಏಟು ಬಿತ್ತು. ಅದೇ ಮನುಷ್ಯ ಹಳೆಯದನ್ನು ಉಳಿಸಲು ಹಂಬಲಿಸಿದ್ದೂ ನಿಜ. 1919ರಲ್ಲಿ ರಸ್ತೆಗೆಂದು ಹುಟ್ಟಿದ ಮನೆ ಕೆಡವಬೇಕಾಗಿ ಬಂದಾಗ ಅದನ್ನು ಸರಿಸಿ, ತಾಯಿಯ ಕಾಲದಲ್ಲಿದ್ದಂತೆಯೇ ಮಾಡಹೊರಟ. ಅದೇ ಮಾದರಿಯ ಒಲೆಯನ್ನು ಹುಡುಕಿಸಿದ. ಅಂಗಳ ಅಗೆಸಿದಾಗ ಸಿಕ್ಕ ತಟ್ಟೆಯ ಚೂರು ನೋಡಿ ಅಂಥವೇ ತಟ್ಟೆಗಳನ್ನು ಮಾಡಿಸಿದ.

ಅವನ ಕಾರಿನ ಇಲ್ಲದ ಮರವನ್ನು ಹೊಸದಾಗಿ ಮಾಡುವವರ ದಾರಿಯೂ ಇದೇ. ಕೊಳೆತ ತುಂಡನ್ನು ಎಸೆಯಬಾರದು, ಅಚ್ಚಿಗೆ ಅದೇ ಬೇಕು. ಎಡಗಡೆಯದು ಹೋಗಿದ್ದರೆ ಬಲಗಡೆಯದನ್ನು ಮಗುಚಿ ಅಳತೆ ತೆಗೆಯುತ್ತಾರೆ. ಎರಡೂ ಇಲ್ಲದಿದ್ದರೆ ತಗಡಿನ ಅಂಚಿನ ಮೊಳೆ ತೂತು, ಕಬ್ಬಿಣದ ಪಟ್ಟಿಯ ಬಾಗು ನೋಡಿ ಮರ ಎಲ್ಲಿತ್ತೆಂದು ಲೆಕ್ಕ ಹಾಕಬೇಕು. ಮೊದಲು ಅಗ್ಗದ ಮರದಲ್ಲಿ ಮಾದರಿ, ಆಮೇಲೆ ಆ್ಯಶ್‌ನಂಥ ಗಟ್ಟಿ ಮರದಲ್ಲಿ ಅಸಲು. ಬಾಡಿಯನ್ನು ಚಾಸಿಸ್ ಮೇಲೆ ಕೂರಿಸಿ, ಬಾಗಿಲು ಸಲೀಸಾಗಿ ಮುಚ್ಚುವುದೇ ಎಂದು ನೋಡಿದ ಮೇಲಷ್ಟೇ ಅಂಟು. ಅವಸರಪಟ್ಟವರ ಬಾಗಿಲು ಮುಚ್ಚುವುದಿಲ್ಲ.

1947ರ ಏಪ್ರಿಲ್ 7ರಂದು ರೂಜ್ ನದಿಗೆ ನೆರೆ ಬಂದು ಡಿಯರ್‌ಬಾರ್ನ್‌ನ ಮನೆಯಲ್ಲಿ ಕರೆಂಟು, ಟೆಲಿಫೋನು ಎರಡೂ ನಿಂತುಹೋಗಿದ್ದವು. ಆ ರಾತ್ರಿ ಮೇಣದ ಬತ್ತಿ, ಸೀಮೆಎಣ್ಣೆ ದೀಪಗಳ ಬೆಳಕಿನಲ್ಲಿ ಫೋರ್ಡ್ ತೀರಿಕೊಂಡ. ಅವನಿಗೆ 83 ವರ್ಷವಾಗಿತ್ತು.