ಜೊತೆಗಾರರನ್ನು ಬೆಳೆಸಿದ ಮುಖ್ಯಸ್ಥ: ಡಾ. ಝಾಕಿರ್ ಹುಸೇನ್



ಡಾ. ಝಾಕಿರ್ ಹುಸೇನ್ ಎಂದರೆ ಭಾರತದ ಮೂರನೇ ರಾಷ್ಟ್ರಪತಿ ಎಂಬುದು ನಿಮಗೆಲ್ಲ ಗೊತ್ತು. ಸಾಮಾನ್ಯಜ್ಞಾನದ ಪರೀಕ್ಷೆಗೆ ಅಷ್ಟು ಸಾಕು. ಆದರೆ ಅವರು ಆ ಹುದ್ದೆಯಲ್ಲಿ ಇದ್ದದ್ದು ಎರಡು ವರ್ಷಕ್ಕೂ ಕಡಿಮೆ. ಒಂದು ಬಡ ವಿದ್ಯಾಸಂಸ್ಥೆಯ ಮುಖ್ಯಸ್ಥರಾಗಿ ದುಡಿದದ್ದು ಮಾತ್ರ 22 ವರ್ಷ. ಆ ವರ್ಷಗಳಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವರು ಏನಾದರು ಎಂಬುದನ್ನು ಇಲ್ಲಿ ನೋಡೋಣ.

1897ರ ಫೆಬ್ರವರಿ 8ರಂದು ಹೈದರಾಬಾದಿನಲ್ಲಿ ಅವರ ಜನನ. ಹತ್ತನೇ ವಯಸ್ಸಿನಲ್ಲಿ ತಂದೆ ತೀರಿಕೊಂಡರು. ನಾಲ್ಕು ವರ್ಷಗಳ ನಂತರ ಪ್ಲೇಗ್ ರೋಗ ತಾಯಿಯನ್ನೂ ಕೊಂಡೊಯ್ದಿತು. ಇಟಾವಾದ ಇಸ್ಲಾಮಿಯಾ ಶಾಲೆಯಲ್ಲಿ ಓದಿ ಅವರು ಅಲಿಘರ್‌ನ ಕಾಲೇಜು ಸೇರಿದರು. 1920ರಲ್ಲಿ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರಲ್ಲಿ ಅವರೂ ಒಬ್ಬರು. ಅದೇ ವರ್ಷ ಅಕ್ಟೋಬರ್ 29ರಂದು ಅಲಿಘರ್‌ನಲ್ಲೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ ಹುಟ್ಟಿತು.

ಮುಂದೆ ಉನ್ನತ ಶಿಕ್ಷಣಕ್ಕಾಗಿ ಝಾಕಿರ್ ಸಾಹೇಬರು ಜರ್ಮನಿಗೆ ಹೋದರು. ಇತ್ತ ಚಳವಳಿಯ ಕಾವು ಇಳಿದು ಜಾಮಿಯಾದ ಬೊಕ್ಕಸ ಬರಿದಾಯಿತು. ಅದನ್ನು ಮುಚ್ಚಿಬಿಡೋಣವೆಂಬ ಮಾತು ಬಂದಾಗ, ತಾವು ಮತ್ತು ಗೆಳೆಯರು ಬರುವವರೆಗೆ ಮುಚ್ಚಬೇಡಿ ಎಂದು ಅವರು ಬರ್ಲಿನ್‌ನಿಂದ ತಿಳಿಸಿದರು. 1925ರಲ್ಲಿ ಸಂಸ್ಥೆ ದೆಹಲಿಯ ಕರೋಲ್ ಬಾಗ್‌ಗೆ ಬಂತು. 1926ರಲ್ಲಿ ಡಾಕ್ಟರೇಟ್ ಪಡೆದ ಅವರು ಆಬಿದ್ ಹುಸೇನ್ ಮತ್ತು ಮೊಹಮ್ಮದ್ ಮುಜೀಬ್ ಅವರೊಂದಿಗೆ ಮರಳಿ, ಜಾಮಿಯಾದ ಮುಖ್ಯಸ್ಥರಾದರು. ಆಗ ಅವರಿಗೆ 29 ವರ್ಷ.

ಈಗ ನೀವೇ ಯೋಚಿಸಿ. ಸಂಬಳ ಕೊಡಲು ಹಣವಿಲ್ಲ. ಜಾಮಿಯಾಕ್ಕೆ ಆಸರೆಯಾಗಿದ್ದ ಹಕೀಮ್ ಅಜ್ಮಲ್ ಖಾನ್ 1927ರ ಕೊನೆಯಲ್ಲಿ ತೀರಿಕೊಂಡರು. ಇಂಥ ಹೊತ್ತಿನಲ್ಲಿ ಮುಖ್ಯಸ್ಥನಾದವನು ಎರಡು ದಾರಿ ಹಿಡಿಯಬಹುದು. ಎಲ್ಲ ಅಧಿಕಾರವನ್ನು ತನ್ನ ಕೈಯಲ್ಲಿ ಇಟ್ಟುಕೊಂಡು ಹುಕುಂ ಹೊರಡಿಸಬಹುದು. ಇಲ್ಲವೇ ಸಂಸ್ಥೆಯ ಭಾರವನ್ನು ಕೆಲಸ ಮಾಡುವವರ ಜೊತೆ ಹಂಚಿಕೊಳ್ಳಬಹುದು. ಝಾಕಿರ್ ಸಾಹೇಬರು ಎರಡನೆಯದನ್ನು ಆರಿಸಿದರು. 1928ರಲ್ಲಿ ಜಾಮಿಯಾದ ಹೊಣೆ ಅಧ್ಯಾಪಕರದೇ ಸಂಘವೊಂದರ ಕೈಗೆ ಬಂತು. ಇಪ್ಪತ್ತು ವರ್ಷ ಇಲ್ಲೇ ದುಡಿಯುತ್ತೇವೆ, ತಿಂಗಳಿಗೆ 150 ರೂಪಾಯಿಗಿಂತ ಹೆಚ್ಚು ಕೇಳುವುದಿಲ್ಲ ಎಂದು ಅದರ ಸದಸ್ಯರು ಮಾತು ಕೊಟ್ಟರು. ಝಾಕಿರ್ ಸಾಹೇಬರು ತೆಗೆದುಕೊಳ್ಳುತ್ತಿದ್ದದ್ದು ಅದಕ್ಕಿಂತ ಬಹಳ ಕಡಿಮೆ. ಆ ಅಲ್ಪ ಸಂಬಳವೂ ಎಷ್ಟೋ ತಿಂಗಳು ಸಿಗದೆ ಮನೆಮಂದಿ ಕಷ್ಟಪಟ್ಟದ್ದೂ ನಿಜ. ಮೇಲಿದ್ದವರು ತಮಗಿಂತ ಹೆಚ್ಚು ಕಷ್ಟ ಹೊತ್ತದ್ದನ್ನು ಕಂಡದ್ದರಿಂದಲೇ ಉಳಿದವರು ಅದನ್ನು ತಾಳಿಕೊಂಡರು.

ತಪ್ಪನ್ನು ತಿದ್ದುವುದರಲ್ಲೂ ಅವರದು ಬೇರೆ ಬಗೆ. ವಿದ್ಯಾರ್ಥಿಗಳು ಕೊಳಕು ಬೂಟು ಹಾಕಿಕೊಂಡು ಬರುವುದನ್ನು ಬಿಡದಿದ್ದಾಗ, ಒಂದು ದಿನ ಸ್ವತಃ ಬ್ರಷ್ ಮತ್ತು ಪಾಲಿಶ್ ಹಿಡಿದು ಬಾಗಿಲಲ್ಲಿ ಕುಳಿತರೆಂದು ಹೇಳುತ್ತಾರೆ. ದಂಡ ಹಾಕಿದ್ದರೆ ಮಕ್ಕಳು ದಂಡಕ್ಕೆ ಹೆದರುತ್ತಿದ್ದರು, ಅಷ್ಟೆ. ಇಲ್ಲಿ ಅವರಿಗೆ ತಮ್ಮ ಬಗ್ಗೆಯೇ ನಾಚಿಕೆಯಾಯಿತು.

ಸಹೋದ್ಯೋಗಿಗಳ ಕೆಲಸದಲ್ಲಿ ಅವರು ಕೈ ಹಾಕುತ್ತಿದ್ದದ್ದು ಕಡಿಮೆ. ಪ್ರಾಥಮಿಕ ಶಾಲೆಯಲ್ಲಿ ಅಬ್ದುಲ್ ಗಫ್ಫಾರ್ ಮುಧೋಲಿಯವರು ಪ್ರಾಜೆಕ್ಟ್ ಪದ್ಧತಿಯನ್ನು ಬೆಳೆಸಿದರು. ಮಕ್ಕಳೇ ನಡೆಸುವ ಬ್ಯಾಂಕು, ಅಂಗಡಿ ಅಲ್ಲಿದ್ದವು. ಜರ್ಮನಿಯಿಂದ ಬಂದ ಯಹೂದಿ ಮಹಿಳೆ ಗೆರ್ಡಾ ಫಿಲಿಪ್ಸ್‌ಬಾರ್ನ್ ಪುಟ್ಟ ಮಕ್ಕಳ ಶಿಕ್ಷಣಕ್ಕೆ ತಮ್ಮನ್ನು ಅರ್ಪಿಸಿಕೊಂಡು, 1943ರಲ್ಲಿ ಕೊನೆಯುಸಿರು ಎಳೆಯುವವರೆಗೂ ಜಾಮಿಯಾವನ್ನು ಬಿಡಲಿಲ್ಲ. 1935ರ ಮಾರ್ಚ್ 1ರಂದು ಓಖ್ಲಾದಲ್ಲಿ ಹೊಸ ಕಟ್ಟಡಕ್ಕೆ ಅಡಿಗಲ್ಲು ಇಟ್ಟವರು ಯಾವ ದೊಡ್ಡ ಮನುಷ್ಯರೂ ಅಲ್ಲ, ಶಾಲೆಯ ಅತಿ ಕಿರಿಯ ವಿದ್ಯಾರ್ಥಿ! ಸಂಸ್ಥೆ ಯಾರದು ಎಂಬುದನ್ನು ಹೇಳಲು ಬೇರೆ ಭಾಷಣ ಬೇಕಾಗಲಿಲ್ಲ.

ಮುಖ್ಯಸ್ಥನ ನಿಜವಾದ ಪರೀಕ್ಷೆ ಅವನು ಹೊರಟುಹೋದ ಮೇಲೆ ನಡೆಯುತ್ತದೆ. ದೇಶ ವಿಭಜನೆಯಾದ ನಂತರ, 1948ರಲ್ಲಿ ಝಾಕಿರ್ ಸಾಹೇಬರು ಅಲಿಘರ್ ಮುಸ್ಲಿಂ ವಿಶ್ವವಿದ್ಯಾನಿಲಯದ ಕುಲಪತಿಯಾಗಿ ಹೋದರು. ಜಾಮಿಯಾ ಕುಸಿಯಲಿಲ್ಲ. ಮುಜೀಬ್ ಸಾಹೇಬರು 1973ರವರೆಗೆ, ಅಂದರೆ 25 ವರ್ಷ, ಅದನ್ನು ನಡೆಸಿದರು. ಆಬಿದ್ ಹುಸೇನರು 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಮುಧೋಲಿಯವರು ಜಾಮಿಯಾದ ಕಥೆಯನ್ನೇ ಪುಸ್ತಕವಾಗಿ ಬರೆದರು. ಒಬ್ಬರ ನೆರಳಿನಲ್ಲಿ ಇದ್ದೂ ಯಾರೂ ಕುಬ್ಜರಾಗಿ ಉಳಿಯಲಿಲ್ಲ.

ಝಾಕಿರ್ ಸಾಹೇಬರು ಮುಂದೆ ಬಿಹಾರದ ರಾಜ್ಯಪಾಲ, ಉಪರಾಷ್ಟ್ರಪತಿ, 1967ರಲ್ಲಿ ರಾಷ್ಟ್ರಪತಿಯಾದರು. 1963ರಲ್ಲಿ ಭಾರತರತ್ನ ಬಂತು. 1969ರ ಮೇ 3ರಂದು ನಿಧನರಾದರು. ಅವರ ಸಮಾಧಿ ಇರುವುದು ಜಾಮಿಯಾದ ಆವರಣದಲ್ಲೇ.

ಸಂಸ್ಥೆಯ ಸದಸ್ಯರೇ, ನಮ್ಮ ಶಾಲೆಗಳಲ್ಲಿ ಒಬ್ಬ ಶಿಕ್ಷಕ ಹತ್ತು ವರ್ಷ ದುಡಿದ ಮೇಲೂ ಒಂದು ಸೀಮೆಸುಣ್ಣದ ಪೆಟ್ಟಿಗೆಗೆ ಸಹಿ ಕಾಯಬೇಕಾದರೆ, ಆ ಹತ್ತು ವರ್ಷಗಳಲ್ಲಿ ಅವನು ಬೆಳೆದದ್ದು ಎಲ್ಲಿ? ಕೇಳಿ ಕೇಳಿ ಕೆಲಸ ಮಾಡುವವನು ಕೊನೆಗೆ ಕೇಳದೆ ಯೋಚಿಸುವುದನ್ನೂ ಮರೆಯುತ್ತಾನೆ. ವಿದ್ಯಾರ್ಥಿಗಳೇ, ನಾಳೆ ನಿಮ್ಮಲ್ಲಿ ಕೆಲವರು ಅಂಗಡಿಗೋ ಕಚೇರಿಗೋ ಶಾಲೆಗೋ ಯಜಮಾನರಾಗುತ್ತೀರಿ. ಆಗ ನಿಮ್ಮ ಕೈಕೆಳಗಿನವರಲ್ಲಿ ಒಬ್ಬರಿಗಾದರೂ ಒಂದು ಪೂರ್ತಿ ಕೆಲಸ ಒಪ್ಪಿಸಿ, ಅವರ ಪಾಡಿಗೆ ಮಾಡಲು ಬಿಟ್ಟು ನೋಡಿ. ಮನುಷ್ಯ ಹೊಣೆ ಹೊತ್ತೇ ಮಾಗಬೇಕು.