ಜೋಳಿಗೆ ಹಿಡಿದ ನಟ: ಪೃಥ್ವೀರಾಜ ಕಪೂರ್

ಭಾರತೀಯ ರಂಗಭೂಮಿಯ ಇತಿಹಾಸದಲ್ಲಿ ಪೃಥ್ವೀರಾಜ ಕಪೂರರ ಹೆಸರು ಚಿರಸ್ಥಾಯಿಯಾದುದು. ಚಲಚ್ಚಿತ್ರಗಳಿಂದ ಅವರಿಗೆ ಕೀರ್ತಿಯೂ ಧನವೂ ದೊರೆತವು. ಆ ಧನವೆಲ್ಲವೂ ನಾಟಕಕ್ಕೆ ವ್ಯಯವಾಯಿತು. ದೇಶವು ಮತದ ಹೆಸರಿನಲ್ಲಿ ಒಡೆಯುತ್ತಿದ್ದ ದುರ್ದಿನಗಳಲ್ಲಿ ಒಡೆದ ಮನಸ್ಸುಗಳನ್ನು ಬೆಸೆಯಲು ರಂಗಮಂಚವನ್ನೇ ಸಾಧನವಾಗಿಸಿಕೊಂಡವರು ಅವರು.

ಅವರು 1906ರ ನವೆಂಬರ್ 3ರಂದು ಪಂಜಾಬಿನ ಸಮುಂದ್ರಿಯಲ್ಲಿ ಜನಿಸಿದರು. ಮನೆತನ ಪೇಶಾವರದ್ದು. ಅಲ್ಲಿಯ ಎಡ್ವರ್ಡ್ಸ್ ಕಾಲೇಜಿನಲ್ಲಿ ವ್ಯಾಸಂಗ ಮಾಡುತ್ತಿದ್ದಾಗಲೇ ನಾಟಕದ ಗೀಳು ಹತ್ತಿತು. ನ್ಯಾಯಶಾಸ್ತ್ರದ ಅಭ್ಯಾಸವನ್ನು ಅರ್ಧಕ್ಕೇ ಬಿಟ್ಟು 1928ರಲ್ಲಿ ಮುಂಬಯಿ ಸೇರಿದರು. 1931ರ ‘ಆಲಂ ಆರಾ’, 1941ರ ‘ಸಿಕಂದರ್’ ಮೊದಲಾದ ಚಿತ್ರಗಳ ವಿಷಯ ಎಲ್ಲರೂ ಬಲ್ಲದ್ದೇ ಆದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ.

1944ರಲ್ಲಿ ಅವರು ಪೃಥ್ವೀ ಥಿಯೇಟರ್ಸ್ ಎಂಬ ಸಂಚಾರಿ ಮಂಡಳಿಯನ್ನು ಸ್ಥಾಪಿಸಿದರು. ಮರುವರ್ಷ ರಂಗವೇರಿದ ‘ದೀವಾರ್’ ನಾಟಕದ ವಸ್ತು ಸರಳವಾದುದು. ಅನ್ಯೋನ್ಯವಾಗಿದ್ದ ಅಣ್ಣತಮ್ಮಂದಿರ ಮನೆಗೆ ಪರದೇಶದವರು ಅತಿಥಿಗಳಾಗಿ ಬರುತ್ತಾರೆ. ಮೆಲ್ಲಮೆಲ್ಲನೆ ಒಡೆಯರೇ ಆಗುತ್ತಾರೆ. ಸಹೋದರರಲ್ಲಿ ವೈರ ಹುಟ್ಟಿ ಮನೆಯ ನಟ್ಟನಡುವೆ ಗೋಡೆ ಏಳುತ್ತದೆ. ಕೊನೆಗೆ ರೈತರೇ ಆ ಗೋಡೆಯನ್ನು ಕೆಡವುತ್ತಾರೆ. ಪ್ರೇಕ್ಷಕರಿಗೆ ಇದರ ಇಂಗಿತ ತಿಳಿಯದೇ ಇರಲಿಲ್ಲ. ಆದರೆ ಎರಡೇ ವರ್ಷಗಳಲ್ಲಿ ನಿಜವಾದ ಗೋಡೆ ಎದ್ದಿತು. ಅದನ್ನು ಕೆಡವುವ ರೈತರು ಯಾರೂ ಬರಲಿಲ್ಲ. ಪೃಥ್ವೀರಾಜರ ಸ್ವಂತ ಪೇಶಾವರವೇ ಗೋಡೆಯ ಆಚೆಗೆ ಉಳಿಯಿತು.

ಇಷ್ಟಾದ ಮೇಲೆ ಮತ್ತೊಬ್ಬ ನಟನಾಗಿದ್ದರೆ ಪುರಾಣ ಕಥೆಗಳಿಗೆ ಮರಳುತ್ತಿದ್ದನೇನೋ. ಪೃಥ್ವೀರಾಜರು ಗಾಯವಿದ್ದಲ್ಲಿಗೇ ಕೈಯಿಟ್ಟರು. 1947ರ ‘ಪಠಾಣ್’ ನಾಟಕದ ನಾಯಕ ಶೇರ್ ಖಾನ್ ತನ್ನ ಹಿಂದೂ ಗೆಳೆಯನ ಮಗನನ್ನು ಉಳಿಸುವುದಕ್ಕಾಗಿ ತನ್ನ ಕರುಳ ಕುಡಿಯನ್ನೇ ಬಲಿಗೊಡುತ್ತಾನೆ. ಪಠಾಣರ ನಡುವೆ ಬೆಳೆದ ಪೃಥ್ವೀರಾಜರಿಗೆ ಆ ಪಾತ್ರ ಬೇಷಭೂಷಣದ ಮಾತಾಗಿರಲಿಲ್ಲ. ನೆರೆಯವನನ್ನು ಕಂಡರೆ ಎದೆ ನಡುಗುವಂತಿದ್ದ ಆ ವರ್ಷದಲ್ಲಿ ಇಂಥ ಮುಸಲ್ಮಾನನನ್ನು ರಂಗದ ಮೇಲೆ ತಂದು ನಿಲ್ಲಿಸಲು ಧೈರ್ಯ ಬೇಕಾಗಿತ್ತು. 1948ರ ‘ಗದ್ದಾರ್’ ನಾಟಕ ದೇಶದ್ರೋಹಿ ಎಂದರೆ ಯಾರು ಎಂಬ ಕಠಿಣ ಪ್ರಶ್ನೆಯನ್ನು ಒಬ್ಬ ಮುಸಲ್ಮಾನನ ಬಾಳಿನ ಮೂಲಕವೇ ಎತ್ತಿತು.

ಇವೆಲ್ಲಕ್ಕಿಂತ ಕಹಿಯಾದುದು 1949ರ ‘ಆಹುತಿ’. ವಿಭಜನೆಯ ಗಲಭೆಯಲ್ಲಿ ಅಪಹೃತಳಾದ ಹಿಂದೂ ಕನ್ಯೆಯೊಬ್ಬಳು ಮರಳಿ ತನ್ನವರನ್ನು ಸೇರುತ್ತಾಳೆ. ವೈರಿಗಳು ಉಳಿಸಿದ್ದ ಜೀವವನ್ನು ಸ್ವಜನರ ನಿರಾಕರಣೆ ಕಸಿದುಕೊಳ್ಳುತ್ತದೆ; ಆಕೆ ಆತ್ಮಾಹುತಿ ಮಾಡಿಕೊಳ್ಳುತ್ತಾಳೆ. ಇಲ್ಲಿ ಕೆಡವಲು ಗೋಡೆಯಿಲ್ಲ, ದೂರಲು ಪರಕೀಯರಿಲ್ಲ. ಅನ್ಯರ ಅಪರಾಧವನ್ನು ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಎದುರಿಗೆ ಕುಳಿತವರ ಅಪರಾಧವನ್ನೇ ಅವರಿಗೆ ಕಾಣಿಸುವುದು ಸುಲಭವಲ್ಲ. ಈ ದೃಷ್ಟಿಯಿಂದ ‘ಆಹುತಿ’ಯೇ ಅವರ ನಾಟಕಗಳಲ್ಲಿ ಹೆಚ್ಚು ಪ್ರಾಮಾಣಿಕವಾದುದೆನ್ನಬೇಕು.

ಆಟ ಮುಗಿದೊಡನೆ ಬಣ್ಣದ ಕೋಣೆಗೆ ಹೋಗಿ ವಿಶ್ರಮಿಸುವ ಪದ್ಧತಿ ಅವರದಾಗಿರಲಿಲ್ಲ. ಬಾಗಿಲ ಬಳಿ ತಲೆಬಾಗಿ, ಜೋಳಿಗೆಯನ್ನೊಡ್ಡಿ ಮೌನವಾಗಿ ನಿಲ್ಲುತ್ತಿದ್ದರು. ಹೊರಹೋಗುವ ಪ್ರೇಕ್ಷಕರು ಕೈಲಾದುದನ್ನು ಹಾಕುತ್ತಿದ್ದರು. ಹಾಗೆ ಕೂಡಿದ ಹಣ ನಿರಾಶ್ರಿತರೇ ಮೊದಲಾದ ಸಂಕಟಗ್ರಸ್ತರಿಗೆ ಸಲ್ಲುತ್ತಿತ್ತು. ಸಿಕಂದರನಾಗಿ ಮೆರೆದ ಆಜಾನುಬಾಹು ಭಿಕ್ಷುಕನಂತೆ ನಿಂತ ಆ ನೋಟವೇ ನಾಟಕದ ಕೊನೆಯ ಅಂಕವಾಗಿತ್ತು. ಮಂಡಳಿಯಲ್ಲಿ ಹಿಂದೂಗಳೂ ಮುಸಲ್ಮಾನರೂ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದರು. ಜೊಹ್ರಾ ಸೆಹಗಲ್ ಅಲ್ಲಿ ಸುಮಾರು 14 ವರ್ಷ ನಟಿಸಿದರು. ಸಂಗೀತಗಾರರಾದ ಶಂಕರ್–ಜೈಕಿಶನ್ ಸಹ ಆ ಗರಡಿಯವರೇ.

ಹದಿನಾರು ವರ್ಷಗಳಲ್ಲಿ ಮಂಡಳಿ 2,662 ಪ್ರದರ್ಶನಗಳನ್ನಿತ್ತಿತು. 1952ರಿಂದ 1960ರವರೆಗೆ ರಾಜ್ಯಸಭೆಯ ನಾಮಕರಣ ಸದಸ್ಯರಾಗಿದ್ದಾಗಲೂ ಅವರು ರಂಗವನ್ನು ಬಿಡಲಿಲ್ಲ. ಆದರೆ ಸಾಲ ಬೆಳೆದಿತ್ತು, ಕಂಠ ಕೈಕೊಟ್ಟಿತ್ತು. 1960ರಲ್ಲಿ ಮಂಡಳಿ ಮುಚ್ಚಿತು.

ಕನ್ನಡಿಗರಿಗೆ ಅವರು ಅಪರಿಚಿತರಲ್ಲ. ಪುಟ್ಟಣ್ಣ ಕಣಗಾಲರು ನಿರ್ದೇಶಿಸಿದ, 1971ರಲ್ಲಿ ತೆರೆಕಂಡ ‘ಸಾಕ್ಷಾತ್ಕಾರ’ದಲ್ಲಿ ರಾಜಕುಮಾರರ ತಂದೆಯಾಗಿ ಅವರು ಅಭಿನಯಿಸಿದರು. 1972ರ ಮೇ 29ರಂದು ನಿಧನ ಹೊಂದಿದರು. ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮರಣಾನಂತರ ಸಂದಿತು. ತಮ್ಮ ಮಂಡಳಿಗೊಂದು ಸ್ವಂತ ರಂಗಮಂದಿರ ಬೇಕೆಂಬ ಅವರ ಆಸೆ 1978ರಲ್ಲಿ ಕೈಗೂಡಿತು. ಮಗ ಶಶಿ ಕಪೂರ್, ಸೊಸೆ ಜೆನ್ನಿಫರ್ ಮುಂಬಯಿಯ ಜುಹುವಿನಲ್ಲಿ ಅದನ್ನು ಕಟ್ಟಿಸಿದರು.