ಮ್ಯಾಕ್ಸ್ ಕ್ಲೈಬರ್ (1893–1976): ಜೀವನ ಮತ್ತು ಸಾಧನೆ

ಹೊಸ ಔಷಧವನ್ನು ಮನುಷ್ಯರಿಗೆ ನೀಡುವ ಮುನ್ನ ಅದರ ವಿಷಗುಣವನ್ನು ಪ್ರಾಣಿಗಳಲ್ಲಿ ಪರೀಕ್ಷಿಸಲಾಗುತ್ತದೆ. ಇಲಿಗೆ ಹಾನಿ ಮಾಡದ ಪ್ರಮಾಣವನ್ನು ತೂಕದ ಲೆಕ್ಕದಲ್ಲಿಯೇ ಮನುಷ್ಯನಿಗೆ ಅನ್ವಯಿಸಿದರೆ ಅಪಾಯವಾಗಬಹುದು. ಇದರ ಕಾರಣವನ್ನು ಅರಿಯಲು ನೆರವಾದವರಲ್ಲಿ ವಿಜ್ಞಾನಿ ಮ್ಯಾಕ್ಸ್ ಕ್ಲೈಬರ್ ಪ್ರಮುಖರು.

ಜನನ ಮತ್ತು ವಿದ್ಯಾಭ್ಯಾಸ

ಕ್ಲೈಬರ್ ಅವರು 1893ರಲ್ಲಿ ಸ್ವಿಟ್ಜರ್ಲೆಂಡ್ ದೇಶದ ಜ್ಯೂರಿಕ್ ನಗರದಲ್ಲಿ ಜನಿಸಿದರು. ಅಲ್ಲಿಯೇ ಕೃಷಿ ರಸಾಯನಶಾಸ್ತ್ರವನ್ನು ವ್ಯಾಸಂಗ ಮಾಡಿದರು. 1929ರಲ್ಲಿ ಅಮೆರಿಕಕ್ಕೆ ತೆರಳಿ, ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುಸಂಗೋಪನಾ ವಿಭಾಗವನ್ನು ಸೇರಿದರು. ಜಾನುವಾರುಗಳ ಉಸಿರಾಟವನ್ನು ಅಳೆಯುವ ಕೋಣೆಗಳ ನಿರ್ಮಾಣ ಅವರಿಗೆ ವಹಿಸಲಾದ ಕಾರ್ಯವಾಗಿತ್ತು.

ಸಂಶೋಧನೆ

ದೇಹವು ಉತ್ಪಾದಿಸುವ ಶಾಖವು ತೂಕಕ್ಕಿಂತ ಮೈಯ ಹೊರಮೈ ವಿಸ್ತೀರ್ಣವನ್ನು ಅವಲಂಬಿಸಿದೆಯೆಂದು ಜರ್ಮನಿಯ ಮ್ಯಾಕ್ಸ್ ರುಬ್ನರ್ 1883ರಲ್ಲಿ ನಾಯಿಗಳ ಅಧ್ಯಯನದಿಂದ ನಿರೂಪಿಸಿದ್ದರು. ಕ್ಲೈಬರ್ ಅವರು 1932ರಲ್ಲಿ ಇಲಿಯಿಂದ ಎತ್ತಿನವರೆಗಿನ ಪ್ರಾಣಿಗಳ ಅಳತೆಗಳನ್ನು ಹೋಲಿಸಿದರು. ದೇಹದ ಶಕ್ತಿವ್ಯಯವು ತೂಕದ ಸುಮಾರು ಮುಕ್ಕಾಲು ಘಾತಕ್ಕೆ ಅನುಗುಣವಾಗಿರುವುದು ಕಂಡುಬಂದಿತು. ಅಂದರೆ ತೂಕ 16 ಪಟ್ಟು ಹೆಚ್ಚಿದರೆ ಶಕ್ತಿವ್ಯಯ 8 ಪಟ್ಟು ಮಾತ್ರ ಹೆಚ್ಚುತ್ತದೆ. ಆದ್ದರಿಂದ ಸಣ್ಣ ಪ್ರಾಣಿಯ ದೇಹವು, ಪ್ರತಿ ಕಿಲೋ ತೂಕಕ್ಕೆ ಹೋಲಿಸಿದಾಗ, ಅನೇಕ ಔಷಧಗಳನ್ನು ಮನುಷ್ಯನ ದೇಹಕ್ಕಿಂತ ಬೇಗ ಹೊರಹಾಕುತ್ತದೆ. ತಮ್ಮ ಅಧ್ಯಯನದ ಸಾರವನ್ನು ಅವರು 1961ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದರು. 1976ರಲ್ಲಿ ನಿಧನರಾದರು.

ಇಂದಿನ ಉಪಯೋಗ

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2011ರ ಮಾರ್ಗಸೂಚಿಯಲ್ಲಿ, ಬಾಯಿಯ ಮೂಲಕ ದೇಹ ಸೇರುವ ರಾಸಾಯನಿಕಗಳಿಗೆ ಮುಕ್ಕಾಲು ಘಾತದ ಲೆಕ್ಕವನ್ನು ಶಿಫಾರಸು ಮಾಡಿತು. ಆ ದೇಶದ ಆಹಾರ ಮತ್ತು ಔಷಧ ಆಡಳಿತದ 2005ರ ಮಾರ್ಗಸೂಚಿಯು ಹೊರಮೈ ವಿಸ್ತೀರ್ಣವನ್ನು ಆಧರಿಸಿದೆ. ಅದರಂತೆ ಪ್ರತಿ ಕಿಲೋಗೆ ನೀಡಿದ ಪ್ರಮಾಣವನ್ನು ಸಣ್ಣ ಇಲಿಗೆ 12.3ರಿಂದ, ದೊಡ್ಡ ಇಲಿಗೆ 6.2ರಿಂದ, ನಾಯಿಗೆ 1.8ರಿಂದ ಭಾಗಿಸಬೇಕು.

ಉದಾಹರಣೆಗೆ, ದೊಡ್ಡ ಇಲಿಗೆ ಪ್ರತಿ ಕಿಲೋಗೆ 62 ಮಿ.ಗ್ರಾಂ. ಹಾನಿ ಮಾಡಲಿಲ್ಲವೆಂದು ಭಾವಿಸೋಣ. ತೂಕದ ನೇರ ಲೆಕ್ಕದಲ್ಲಿ 60 ಕಿಲೋ ತೂಕದ ವ್ಯಕ್ತಿಗೆ 3,720 ಮಿ.ಗ್ರಾಂ. ಆಗುತ್ತದೆ. ಮಾರ್ಗಸೂಚಿಯ ಲೆಕ್ಕದಲ್ಲಿ ಅದು 600 ಮಿ.ಗ್ರಾಂ. ಸುರಕ್ಷತೆಗಾಗಿ ಸಾಮಾನ್ಯವಾಗಿ ಇದನ್ನು ಮತ್ತೆ 10ರಿಂದ ಭಾಗಿಸಿ, ಮಾನವ ಪ್ರಯೋಗವನ್ನು 60 ಮಿ.ಗ್ರಾಂ. ಮೀರದಂತೆ ಆರಂಭಿಸಲಾಗುತ್ತದೆ.

ಸಾರ್ವಜನಿಕರ ಗಮನಕ್ಕೆ

ಈ ಲೆಕ್ಕವು ಪ್ರಯೋಗದ ಆರಂಭಕ್ಕೆ ಮಾತ್ರ ಆಧಾರವಾಗಿದ್ದು, ಚಿಕಿತ್ಸೆಯ ಪ್ರಮಾಣವಲ್ಲ. ಪಶುಗಳ ಔಷಧವನ್ನು ತೂಕದ ಲೆಕ್ಕ ಹಾಕಿ ಮನುಷ್ಯರು ಸೇವಿಸತಕ್ಕದ್ದಲ್ಲ. ಔಷಧದ ಪ್ರಮಾಣಕ್ಕೆ ವೈದ್ಯರ ಸಲಹೆಯನ್ನೇ ಪಡೆಯಬೇಕು.